ಗಲ್ಲಾದ ಬೀಗದ ಕೈ

2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ನಡೆಸುವ ಹೊಣೆ ಅಹಮದಾಬಾದಿಗೆ ದೊರೆತಿದೆ. 2025ರ ನವೆಂಬರಿನಲ್ಲಿ ಈ ತೀರ್ಮಾನವಾಯಿತು. ದೆಹಲಿ ನಿವಾಸಿಗಳಾದ ನಮಗೆ, 2010ರ ಅಕ್ಟೋಬರ್ 3ರಿಂದ 14ರ ವರೆಗೆ ಇದೇ ನಗರದಲ್ಲಿ ಜರುಗಿದ ಕೂಟವು ಈ ಸಂದರ್ಭದಲ್ಲಿ ನೆನಪಾಗುವುದು ಸಹಜ. ಅದರ ಸಂಘಟನಾ ಸಮಿತಿಯ ಅಧ್ಯಕ್ಷರಾಗಿದ್ದ ಶ್ರೀ ಸುರೇಶ್ ಕಲ್ಮಾಡಿಯವರು 2026ರ ಜನವರಿಯಲ್ಲಿ ದಿವಂಗತರಾದರು. ಮೃತರನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅವರನ್ನು ಪದವಿಯಿಂದ ತೆಗೆದುದು ನ್ಯಾಯವೇ ಎಂಬ ಪ್ರಶ್ನೆಯು ಅವರೊಡನೆ ಮುಗಿಯುವಂಥದಲ್ಲ.

ಕಲ್ಮಾಡಿಯವರು ಪುಣೆಯ ಕನ್ನಡ ಮನೆತನದವರು. ವಾಯುಸೇನೆಯಲ್ಲಿ ವಿಮಾನ ಚಾಲಕರಾಗಿದ್ದು, ತರುವಾಯ ಪುಣೆಯಲ್ಲಿ ಪೂನಾ ಕಾಫಿ ಹೌಸನ್ನು ನಡೆಸಿ, ಅಲ್ಲಿಂದ ರಾಜಕಾರಣಕ್ಕೆ ಬಂದವರು. ಹೋಟೆಲು ನಡೆಸಿದ ಕನ್ನಡಿಗನು ರಾಷ್ಟ್ರದ ಕ್ರೀಡೆಗೆ ಅಧ್ಯಕ್ಷನಾದನೆಂದು ನಮ್ಮ ವಾಚಕರು ಅಭಿಮಾನಪಟ್ಟಿದ್ದರೆ ಅದರಲ್ಲಿ ತಪ್ಪಿಲ್ಲ. ಆದರೆ ನಮ್ಮವನಿಗೊಂದು ತಕ್ಕಡಿ, ಪರರಿಗೊಂದು ತಕ್ಕಡಿ ಇರಲಾಗದು.

2010ರ ಆಗಸ್ಟಿನಲ್ಲಿ, ಲಂಡನ್ನಿನಲ್ಲಿ ನಡೆದ ರಾಣಿಯ ಬೇಟನ್ ಸಮಾರಂಭದ ಖರ್ಚಿನ ಬಗ್ಗೆ ಸಂಶಯವೆದ್ದಿತು. ಕೈಕೆಳಗಿನ ಅಧಿಕಾರಿಗಳು ಅಮಾನತಾದರು. ಅಧ್ಯಕ್ಷರು ಮಾತ್ರ ಪೀಠದಲ್ಲಿಯೇ ಉಳಿದರು. ಕೂಟವೆಲ್ಲ ಮುಗಿದ ಮೇಲೆ, 2011ರ ಜನವರಿಯಲ್ಲಿ, ಕೇಂದ್ರ ಸರಕಾರವು ಅವರನ್ನು ತೆಗೆಯಿತು. ಸಮಯ ಮತ್ತು ಅಂಕಗಳನ್ನು ದಾಖಲಿಸುವ ಉಪಕರಣಗಳ ಗುತ್ತಿಗೆಯ ಮೊಕದ್ದಮೆಯಲ್ಲಿ ಏಪ್ರಿಲ್ 25ರಂದು ಸಿ.ಬಿ.ಐ. ಅವರನ್ನು ಬಂಧಿಸಿತು.

ಅವರ ಪರವಾಗಿ ಹೇಳಬೇಕಾದುದನ್ನೂ ಹೇಳಲೇಬೇಕು. ಕೂಟದ ಮುನ್ನ ನೆಹರೂ ಕ್ರೀಡಾಂಗಣದ ಬಳಿ ಕುಸಿದು ಕೂಲಿಕಾರರನ್ನು ಗಾಯಗೊಳಿಸಿದ ಕಾಲುಸೇತುವೆಯು ಅವರ ಸಮಿತಿ ಕಟ್ಟಿಸಿದುದಲ್ಲ. ಬೇರೆ ಗುತ್ತಿಗೆಗಳಿಗೆ ಸಂಬಂಧಿಸಿದ ಹಣ ಅಕ್ರಮ ವರ್ಗಾವಣೆಯ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯವು ಸಲ್ಲಿಸಿದ ಮುಕ್ತಾಯ ವರದಿಯನ್ನು ದೆಹಲಿಯ ನ್ಯಾಯಾಲಯವು 2025ರ ಏಪ್ರಿಲಿನಲ್ಲಿ ಅಂಗೀಕರಿಸಿತು. ಹಾಗಾದರೆ ಅವರನ್ನು ತೆಗೆದುದೇ ತಪ್ಪೆಂದು ಕೆಲವರು ವಾದಿಸುತ್ತಾರೆ. ಭಾರತಕ್ಕೆ 38 ಚಿನ್ನವೂ ಸೇರಿ 101 ಪದಕಗಳು ಬಂದುವೆಂದೂ ನೆನಪಿಸುತ್ತಾರೆ. ಪದಕಗಳು ಓಡಿದವರವು. 4×400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ನಮ್ಮ ಅಶ್ವಿನಿ ಅಕ್ಕುಂಜಿಯಂಥವರ ಬೆವರನ್ನು ಯಾವ ಸಮಿತಿಯೂ ತನ್ನ ಜಮಾಖರ್ಚಿನಲ್ಲಿ ಬರೆದುಕೊಳ್ಳಬಾರದು.

ಇನ್ನು ಮೊದಲನೆಯ ವಾದ. ಸೆರೆಮನೆಗೆ ಕಳುಹಿಸಲು ಸಾಕ್ಷ್ಯ ಬೇಕು. ಪದವಿಯಲ್ಲಿ ಇರಿಸಲು ವಿಶ್ವಾಸ ಬೇಕು. ಇವೆರಡೂ ಬೇರೆ ಬೇರೆ. ಹೋಟೆಲಿನಲ್ಲಿ ಗಲ್ಲಾದ ಲೆಕ್ಕ ಕೂಡದಿದ್ದರೆ, ಲೆಕ್ಕ ತಾಳೆಯಾಗುವ ತನಕ ಗಲ್ಲಾದಲ್ಲಿ ಕೂಡುವವನು ಬೀಗದ ಕೈಯನ್ನು ಮತ್ತೊಬ್ಬನಿಗೆ ಕೊಡಬೇಕು. ಅದು ಅವನನ್ನು ಕಳ್ಳನೆಂದು ಕರೆದಂತಲ್ಲ. ಲೆಕ್ಕ ಸರಿಯೆಂದು ತೋರಿದರೆ ಅವನು ಮರ್ಯಾದೆಯಿಂದ ಹಿಂದಿರುಗಬಹುದು. 2010ರ ಆಗಸ್ಟಿನಲ್ಲಿಯೇ ಹೀಗೆ ಮಾಡಿದ್ದರೆ ದೇಶದ ಹಣಕ್ಕೂ ಕಾವಲಿರುತ್ತಿತ್ತು, ಕಲ್ಮಾಡಿಯವರ ಹೆಸರಿಗೂ ರಕ್ಷಣೆ ದೊರೆಯುತ್ತಿತ್ತು. ಅವರನ್ನು ತೆಗೆದುದು ಯುಕ್ತವೇ. ತಪ್ಪಾದುದು ಅದನ್ನು ತಡಮಾಡಿದುದು, ಮತ್ತು ಕೆಳಗಿನವರಿಂದ ಆರಂಭಿಸಿದುದು.

2016ರ ಡಿಸೆಂಬರಿನಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯು ಅವರನ್ನು ಆಜೀವ ಅಧ್ಯಕ್ಷರನ್ನಾಗಿ ಆರಿಸಿತು. ಎಲ್ಲೆಡೆ ವಿರೋಧವೆದ್ದಾಗ, ಆರೋಪಮುಕ್ತನಾಗುವ ತನಕ ಆ ಗೌರವ ಬೇಡವೆಂದು ಕಲ್ಮಾಡಿಯವರೇ ನಿರಾಕರಿಸಿದರು. ಸಂಸ್ಥೆಗೆ ತೋರದ ನೀತಿಯು ಕೊನೆಗೆ ಅವರಿಗೆ ತೋರಿತು.

2025ರಲ್ಲಿ ಸಂಸತ್ತು ಕ್ರೀಡಾ ಆಡಳಿತ ಕಾಯಿದೆಯನ್ನು ಅಂಗೀಕರಿಸಿ, ಕ್ರೀಡಾ ಮಂಡಳಿಗೂ ನ್ಯಾಯಮಂಡಳಿಗೂ ಎಡೆಮಾಡಿದೆ. ಇದು ಸ್ವಾಗತಾರ್ಹ. ಆದರೆ ಅಹಮದಾಬಾದಿನ ಸಮಿತಿಯು ಮೊದಲ ಗುತ್ತಿಗೆಗೆ ಸಹಿ ಹಾಕುವ ಮುನ್ನವೇ ಮೂರು ನಿಯಮಗಳನ್ನು ಬರೆದಿಡಲಿ: ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಪ್ರಕಟಿಸತಕ್ಕದ್ದು, ಲೆಕ್ಕದಲ್ಲಿ ಗುರುತರವಾದ ಆಕ್ಷೇಪ ಬಂದರೆ ಅಧ್ಯಕ್ಷನೇ ಮೊದಲು ಪೀಠವನ್ನು ಬಿಡತಕ್ಕದ್ದು, ಅವನ ಅಹವಾಲನ್ನು ಕೇಳಿ, ಗೊತ್ತಾದ ಅವಧಿಯೊಳಗೆ ತೀರ್ಪು ನೀಡತಕ್ಕದ್ದು. ಲೋಟ ಒಡೆದ ಮಾಣಿಯ ಸಂಬಳದಲ್ಲಿ ಅಂದೇ ಹಣ ಮುರಿಯುವ ಈ ದೇಶದಲ್ಲಿ, ಕೋಟಿಗಳ ಲೆಕ್ಕ ಹಿಡಿದವರಿಂದ ಇಷ್ಟನ್ನು ಕೇಳುವುದು ಅತಿಯೇನಲ್ಲ.