ತೋಟ ನೋಡಿಕೊಳ್ಳಲು ಕೊಡುವ ಮುನ್ನ

ಕೊಯ್ಲು ಹತ್ತಿರವಾಗುತ್ತಿದ್ದಂತೆ ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರು ಧಾರಣೆ ವಿಚಾರಿಸಿದ ಮೇಲೆ ಕೇಳುವ ಪ್ರಶ್ನೆಯೊಂದಿದೆ. "ನಮಗಿನ್ನು ತೋಟಕ್ಕೆ ಇಳಿಯಲು ಕೂಡುವುದಿಲ್ಲ. ಮಕ್ಕಳು ಬೆಂಗಳೂರು, ಮುಂಬಯಿ, ದುಬೈ ಎಂದು ಹೋಗಿದ್ದಾರೆ. ತೋಟವನ್ನು ಯಾರಿಗಾದರೂ ನೋಡಿಕೊಳ್ಳಲು ಕೊಟ್ಟರೆ ಜಾಗ ಹೋದೀತೇ?" ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ: "ಕಾಗದ ಗೀಗದ ಬೇಡ ಮಾರಾಯ್ರೆ, ಬಾಯಿಮಾತಿನಲ್ಲೇ ಇರಲಿ." ಪ್ರಶ್ನೆ ನ್ಯಾಯವಾದದ್ದು. ಉತ್ತರವನ್ನು ಮಾತ್ರ ನಾವು ಒಪ್ಪಲಾರೆವು.

ಈ ಹೆದರಿಕೆ ಎಲ್ಲಿಂದ ಬಂತೆಂಬುದು ನಮ್ಮೆಲ್ಲರಿಗೂ ಗೊತ್ತು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಯಲ್ಲಿದ್ದ ಜಮೀನೆಲ್ಲ ಅಂದೇ ಸರಕಾರಕ್ಕೆ ಸೇರಿತು. ಅದನ್ನು ಸಾಗುವಳಿ ಮಾಡುತ್ತಿದ್ದ ಒಕ್ಕಲು 7ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯಿಂದ ಹಕ್ಕು ಪಡೆಯಬಹುದಾಯಿತು. ನಮ್ಮ ಕಡೆ ಜನ ಇದನ್ನು 'ಡಿಕ್ಲರೇಶನ್' ಎಂದೇ ಕರೆದರು. ಮೂಲಗೇಣಿ, ಚಾಲಗೇಣಿ ಎಂದು ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆಯುತ್ತಿದ್ದ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಈ ಕಾಯಿದೆ ಮನೆಮನೆಯನ್ನೂ ಮುಟ್ಟಿತು. ನಮ್ಮ ಸದಸ್ಯರಲ್ಲಿ ಡಿಕ್ಲರೇಶನ್ನಿನಿಂದ ಜಾಗ ಪಡೆದ ಮನೆಯವರಿದ್ದಾರೆ, ಕಳೆದುಕೊಂಡ ಮನೆಯವರೂ ಇದ್ದಾರೆ. ಅಂದಿನ ಒಕ್ಕಲಿನ ಮಗ ಇಂದು ಸ್ವಂತ ತೋಟದ ಯಜಮಾನ. ತನ್ನ ತಂದೆಗೆ ಹಕ್ಕು ಬಂದ ದಾರಿಯಲ್ಲೇ ತನ್ನ ಹಕ್ಕು ಹೋದೀತು ಎಂದು ಅವನೂ ಈಗ ಹೆದರುತ್ತಾನೆ. ಹೀಗಾಗಿ ಎರಡು ಪಂಗಡದವರೂ ಇನ್ನೊಬ್ಬರ ಹೆಸರಿರುವ ಕಾಗದವನ್ನು ಕಂಡರೆ ದೂರ ಸರಿಯುತ್ತಾರೆ.

ಆದರೆ ಕಾನೂನಿನ ಸ್ಥಿತಿಯನ್ನು ಸರಿಯಾಗಿ ತಿಳಿಯಬೇಕು. 7ನೆಯ ನಮೂನೆಯ ವಾಯಿದೆ 1979ರ ಜೂನ್ 30ಕ್ಕೆ ಮುಗಿಯಿತು. ಮುಂದೆ 7ಎ ನಮೂನೆಯ ಅವಕಾಶ ಬಂದಾಗಲೂ ಅದು 1974ರ ಮಾರ್ಚ್ 1ಕ್ಕೆ ಮೊದಲೇ ಗೇಣಿಗೆ ಸಾಗುವಳಿ ಮಾಡುತ್ತಿದ್ದು, ಅರ್ಜಿ ಕೊಡದೆ ಉಳಿದವರಿಗೆ ಮಾತ್ರ ಇತ್ತು. ನಿನ್ನೆ ಮೊನ್ನೆ ತೋಟ ನೋಡಿಕೊಳ್ಳಲು ಬಂದವರು ಡಿಕ್ಲರೇಶನ್ ಕೊಟ್ಟು ಜಾಗ ಪಡೆಯುವ ದಾರಿ ಇಂದು ಇಲ್ಲ.

ಹಾಗೆಂದು ತೋಟವನ್ನು ಗೇಣಿಗೆ ಬರೆದುಕೊಡಬಹುದೇ? ಅದೂ ಕೂಡದು. ಭೂಸುಧಾರಣಾ ಕಾಯಿದೆಯ 5ನೆಯ ಕಲಮು ಕೃಷಿ ಜಮೀನನ್ನು ಯಾವುದೇ ಅವಧಿಗೆ ಗೇಣಿಗೆ ಕೊಡುವುದನ್ನು ನಿಷೇಧಿಸಿದೆ. ಸೇವೆಯಲ್ಲಿರುವ ಸೈನಿಕರಿಗೆ ಮತ್ತು ಹಡಗಿನ ನೌಕರರಿಗೆ ವಿನಾಯಿತಿ ಉಂಟು. ಕಾಪು, ಮಲ್ಪೆ ಕಡೆಯ ಮನೆಗಳಲ್ಲಿ ಹಡಗಿನ ಕೆಲಸದವರು ಇರುವುದರಿಂದ ಇದನ್ನು ನೆನಪಿಸುತ್ತಿದ್ದೇವೆ. ಆದರೆ ತಮ್ಮ ಹಡಗಿನ ಕೆಲಸ ಆ ಕಲಮಿನೊಳಗೆ ಬರುತ್ತದೆಯೇ ಎಂದು ವಕೀಲರಲ್ಲಿ ಕೇಳಿಯೇ ಮುಂದುವರಿಯತಕ್ಕದ್ದು. 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ಅದು ಕೊಳ್ಳುವವರ ಮೇಲಿದ್ದ ನಿರ್ಬಂಧ ತೆಗೆದದ್ದು. ಗೇಣಿಯ ನಿಷೇಧ ತೆಗೆಯಿತೆಂದು ಯಾರೂ ತಿಳಿಯಬಾರದು. ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಕಾಯಿದೆಯಲ್ಲಿ ವಿನಾಯಿತಿ ಇದೆಯಲ್ಲ ಎನ್ನುವವರಿದ್ದಾರೆ. ಕಾಫಿ, ಏಲಕ್ಕಿ, ಕಾಳುಮೆಣಸು, ರಬ್ಬರು, ಚಹಾ ಇವು ಕಾಯಿದೆಯ ಪ್ರಕಾರ ಪ್ಲಾಂಟೇಶನ್ ಬೆಳೆಗಳು. ಅಡಿಕೆ ಆ ಪಟ್ಟಿಯಲ್ಲಿಲ್ಲ. ಮೇಲಾಗಿ ಆ ವಿನಾಯಿತಿ ಮುಖ್ಯವಾಗಿ ಭೂಮಿತಿಗೆ ಸಂಬಂಧಪಟ್ಟದ್ದು. ಗೇಣಿಗೆ ಅದನ್ನು ಆಧಾರ ಮಾಡಿಕೊಳ್ಳುವಂತಿಲ್ಲ.

ಹಾಗಾದರೆ ವಯಸ್ಸಾದ ಕೃಷಿಕ ಏನು ಮಾಡಬೇಕು? ಜಾಗವನ್ನು ಕೊಡದೆ ಫಸಲನ್ನು ಕೊಡಬಹುದು. ಬೆಳೆದು ನಿಂತ ಫಸಲನ್ನೂ ಮರದಲ್ಲಿರುವ ಕಾಯಿಯನ್ನೂ 1908ರ ನೋಂದಣಿ ಕಾಯಿದೆ ಚರಸೊತ್ತೆಂದೇ ಎಣಿಸುತ್ತದೆ. ಮರದ ಮೇಲಿನ ಗೊನೆಯನ್ನು ಒಂದು ವರ್ಷದ ಕೊಯ್ಲಿಗೆ ಮಾರುವುದು ಜಾಗವನ್ನು ಗೇಣಿಗೆ ಕೊಟ್ಟಂತಾಗುವುದಿಲ್ಲ. ಆದರೆ ಕರಾರು ಒಂದು ವರ್ಷದ ಫಸಲಿಗೇ ನಿಲ್ಲಬೇಕು. ಐದು ವರ್ಷ ನೀನೇ ಗೊಬ್ಬರ ಹಾಕು, ನೀನೇ ನೀರು ಬಿಡು, ನೀನೇ ಕೊಯ್ದುಕೋ, ನನಗೆ ವರ್ಷಕ್ಕಿಷ್ಟು ಕೊಡು ಎಂದು ಬರೆದರೆ ತಲೆಬರಹದಲ್ಲಿ ಫಸಲು ಮಾರಾಟವೆಂದಿದ್ದರೂ ನ್ಯಾಯಾಲಯ ಅದನ್ನು ಗೇಣಿಯೆಂದೇ ಓದಬಹುದು. ತೋಟದ ಸ್ವಾಧೀನ ಯಜಮಾನರಲ್ಲೇ ಇದೆ, ಕೊಳ್ಳುವವರು ಕೊಯ್ಲಿಗೆ ಮಾತ್ರ ಬಂದುಹೋಗುತ್ತಾರೆ ಎಂಬ ಮಾತು ಕರಾರಿನಲ್ಲಿ ಸ್ಪಷ್ಟವಾಗಿ ಇರತಕ್ಕದ್ದು, ನಡೆವಳಿಕೆಯೂ ಹಾಗೆಯೇ ಇರತಕ್ಕದ್ದು.

ಬಾಯಿಮಾತೇ ಕ್ಷೇಮ ಎನ್ನುವವರು ಇನ್ನೊಂದು ಅಂಶವನ್ನು ಯೋಚಿಸಬೇಕು. ಹಕ್ಕುದಾರರಿಗೆ ವಿರುದ್ಧವಾಗಿ, ಬಹಿರಂಗವಾಗಿ, ಎಡೆಬಿಡದೆ 12 ವರ್ಷ ಅನುಭವಿಸಿದವರು ಪ್ರತಿಕೂಲ ಸ್ವಾಧೀನದ ವಾದ ಹೂಡಲು 1963ರ ಕಾಲಮಿತಿ ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಯಜಮಾನರ ಒಪ್ಪಿಗೆಯಿಂದ ಒಳಬಂದವರು ಎಷ್ಟು ವರ್ಷ ಇದ್ದರೂ ಅಷ್ಟರಿಂದಲೇ ಅವರ ಅನುಭವ ಪ್ರತಿಕೂಲವಾಗುವುದಿಲ್ಲ. ಒಪ್ಪಿಗೆಯಿಂದಲೇ ಬಂದರು ಎಂದು ತೋರಿಸುವುದು ಹೇಗೆ? ಅದನ್ನು ತೋರಿಸುವುದು ಕಾಗದ. ಜಾಗ ಹೋದೀತೆಂದು ನಾವು ಯಾವ ಕಾಗದಕ್ಕೆ ಹೆದರುತ್ತೇವೋ ಅದೇ ಕಾಗದ ಜಾಗವನ್ನು ಕಾಯುತ್ತದೆ. ಮುಂಗಡ ಕೊಟ್ಟ ಬಡ ಕೊಯ್ಲುಗಾರನಿಗೂ ಆ ಕಾಗದವೇ ರಕ್ಷೆ.

ನಮ್ಮ ಇಬ್ಬರು ಸದಸ್ಯರ ನಡುವಿನ ತಕರಾರನ್ನು ಹೆಸರಿಲ್ಲದೆ ಹೇಳುತ್ತೇವೆ. ಕಾರ್ಕಳ ಕಡೆಯ ಹಿರಿಯರೊಬ್ಬರು ತಮ್ಮ ತೋಟವನ್ನು ನೆರೆಯವರಿಗೆ ಮಾತಿನ ಮೇಲೆ ಕೊಟ್ಟರು. ನೆರೆಯವರು ಆರು ವರ್ಷ ಚೆನ್ನಾಗಿ ನೋಡಿಕೊಂಡರು, ಖಾಲಿ ಬಿದ್ದಲ್ಲೆಲ್ಲ ಅಡಿಕೆ ಸಸಿ ನೆಟ್ಟರು. ಸಸಿಗಳು ಫಲಕ್ಕೆ ಬರುವ ಹೊತ್ತಿಗೆ ಹಿರಿಯರ ಮಗ ಊರಿಗೆ ಮರಳಿದರು. ಸಸಿಯ ಖರ್ಚು ಯಾರದು, ಅವುಗಳ ಮೊದಲ ಫಸಲು ಯಾರಿಗೆ? ಹಿರಿಯರ ನೆನಪು ಒಂದು, ನೆರೆಯವರ ನೆನಪು ಇನ್ನೊಂದು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ಆದರೂ ಇಂದು ಎರಡು ಮನೆಗೂ ಮಾತಿಲ್ಲ. ಒಂದೇ ತೋಡಿನ ನೀರನ್ನು ಹಂಚಿಕೊಳ್ಳುವ ಮನೆಗಳವು.

ಆದುದರಿಂದ ಕರಾರಿನಲ್ಲಿ ಏನೇನಿರಬೇಕೆಂದು ತಿಳಿಸುತ್ತೇವೆ. ಸರ್ವೆ ನಂಬರು, ವಿಸ್ತೀರ್ಣ, ಫಲ ಬರುವ ಮರಗಳ ಎಣಿಕೆ. ಎಷ್ಟು ಕೊಯ್ಲು, ಯಾವ ತಾರೀಕಿನೊಳಗೆ. ಹಣ ಎಷ್ಟು, ಯಾವ ಕಂತಿನಲ್ಲಿ. ಬೋರ್ಡೋ ಮದ್ದು ಬಿಡಿಸುವವರು ಯಾರು, ಕೊಳೆರೋಗದಿಂದ ಫಸಲು ಉದುರಿದರೆ ನಷ್ಟ ಯಾರಿಗೆ ಎಷ್ಟು. ಮರಕ್ಕೆ ಹಬ್ಬಿದ ಕಾಳುಮೆಣಸು ಸೇರಿದೆಯೇ. ಹಾಳೆ, ಸೋಗೆ ಯಾರಿಗೆ. ಹಾಳೆತಟ್ಟೆಗೆ ಬೇಡಿಕೆ ಬಂದ ಮೇಲೆ ಇದೂ ಸಣ್ಣ ವಿಷಯವಲ್ಲ. ಮರ ಹತ್ತಿದವರು ಬಿದ್ದರೆ ಆಸ್ಪತ್ರೆಯ ಖರ್ಚು ಯಾರದು, ಅವರಿಗೆ ಅಪಘಾತ ವಿಮೆ ಇದೆಯೇ. ಈ ಕೊನೆಯದನ್ನು ಬರೆಯದೆ ಯಾರನ್ನೂ ಮರ ಹತ್ತಿಸಬೇಡಿ. ತಕ್ಕ ಬೆಲೆಯ ಇ-ಸ್ಟಾಂಪಿನಲ್ಲಿ ಎರಡು ಪ್ರತಿ ಮಾಡಿಸಿ, ಇಬ್ಬರು ಸಾಕ್ಷಿಗಳ ರುಜು ಹಾಕಿಸಿ, ಹಣವನ್ನು ಬ್ಯಾಂಕಿನ ಮೂಲಕ ಪಡೆಯಿರಿ. ಕುಮ್ಕಿಯಲ್ಲಿ ಬೆಳೆಸಿದ ಮರಗಳಿದ್ದರೆ ಆ ಜಾಗವನ್ನು ನಿಮ್ಮ ವರ್ಗವೆಂದು ಬರೆಯಬೇಡಿ. ಕುಮ್ಕಿ ಸರಕಾರಿ ಜಾಗ. ನಮಗಿರುವುದು ಸವಲತ್ತು ಮಾತ್ರ. ವರ್ಷಕ್ಕೊಮ್ಮೆ ಆರ್‌ಟಿಸಿ ತೆಗೆಸಿ ಸಾಗುವಳಿದಾರರ ಕಾಲಮನ್ನು ನೋಡಿ. ಹಕ್ಕುದಾಖಲೆಯಲ್ಲಿರುವ ನಮೂದು ತಪ್ಪೆಂದು ರುಜುವಾತಾಗುವ ತನಕ ಸರಿಯೆಂದೇ ಕಾನೂನು ಭಾವಿಸುತ್ತದೆ.

ಕರಾರಿಗೆ ರುಜು ಹಾಕಬೇಕಾದವರು ಯಾರು ಎಂಬಲ್ಲಿ ಎಷ್ಟೋ ಮನೆಗಳು ಎಡವುತ್ತವೆ. ಆರ್‌ಟಿಸಿಯಲ್ಲಿ ತೀರಿಕೊಂಡ ಅಜ್ಜನ ಹೆಸರೇ ಉಳಿದಿರುತ್ತದೆ. ಊರಲ್ಲಿರುವ ಒಬ್ಬ ತಮ್ಮ ತೋಟ ನೋಡುತ್ತಾನೆ, ಪಾಲುದಾರರು ಹತ್ತು ಜನ ಹೊರಗಿರುತ್ತಾರೆ. ಮಕ್ಕಳಸಂತಾನದ ಹಿಂದೂ ಕುಟುಂಬಗಳಲ್ಲಿ 2005ರ ಸೆಪ್ಟೆಂಬರ್ 9ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಸಮಪಾಲುದಾರಳು. ಆ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಮಾನಿಸಿದೆ. ಅಳಿಯಸಂತಾನದ ಕುಟುಂಬಗಳಿಗೆ 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯ ಹಿನ್ನೆಲೆಯಿದೆ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ತೀರಿಕೊಂಡವರ ಪಾಲು ಆ ಕಾಯಿದೆಯಂತೆಯೇ ವಾರಸುದಾರರಿಗೆ ಹೋಗುತ್ತದೆ. ಶಿರ್ವ, ಕಾರ್ಕಳ ಕಡೆಯ ಕ್ರೈಸ್ತ ಸದಸ್ಯರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಯಾರ ಮನೆಯಾದರೂ ಸರಿ, ಮರಣದಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ಕಂದಾಯ ಇಲಾಖೆಗೆ ತಿಳಿಸಬೇಕೆಂದು 1964ರ ಭೂಕಂದಾಯ ಕಾಯಿದೆ ಹೇಳುತ್ತದೆ. ಪೌತಿ ಖಾತೆ ಮಾಡಿಸದಿದ್ದರೆ ಬೆಳೆಸಾಲಕ್ಕೂ ಹವಾಮಾನ ಆಧಾರಿತ ಬೆಳೆವಿಮೆಗೂ ತೊಡಕು. ಅದು ಆಗುವ ತನಕ ಹೊರಗಿರುವ ಪಾಲುದಾರರಿಂದ, ಫಸಲು ಮಾರಲು ಒಪ್ಪಿಗೆಯಿದೆ ಎಂಬ ಪತ್ರವನ್ನಾದರೂ ತರಿಸಿಕೊಳ್ಳಿ.

ಅಂಗಡಿ, ಗೋದಾಮುಗಳ ಬಾಡಿಗೆಗೆ ಈ ನಿಷೇಧವಿಲ್ಲ. ಆದರೆ ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಾಯಿಸಲೇಬೇಕು. ಹಾಳೆತಟ್ಟೆಯ ಯಂತ್ರ ಹಾಕುವವರು ಜಾಗಕ್ಕೆ ಭೂಪರಿವರ್ತನೆ ಬೇಕೇ ಎಂದು ಮೊದಲು ವಿಚಾರಿಸಿರಿ. ಸ್ವಂತ ಬೆಳೆ ಮಾರುವ ಕೃಷಿಕರಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನೆರೆಯವರ ಅಡಿಕೆ ಕೊಂಡು ಮಾರತೊಡಗಿದವರು ವ್ಯಾಪಾರಿಗಳೇ ಆಗುತ್ತಾರೆ, ಅವರಿಗೆ ಆ ಮಾತು ಅನ್ವಯಿಸದು.

ಕಾನೂನೂ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ. ಟಿ. ಹಕ್ ಅವರ ಅಧ್ಯಕ್ಷತೆಯ ಸಮಿತಿಯ ಮೂಲಕ ನೀತಿ ಆಯೋಗ 2016ರಲ್ಲಿ ಕೃಷಿಭೂಮಿ ಗುತ್ತಿಗೆಗೆ ಮಾದರಿ ಕಾಯಿದೆಯೊಂದನ್ನು ಮುಂದಿಟ್ಟಿತು. ಒಡೆತನಕ್ಕೆ ಭಂಗವಿಲ್ಲ, ದುಡಿಯುವವನಿಗೆ ಸಾಲ ವಿಮೆಗಳ ಅರ್ಹತೆಯಿದೆ ಎಂಬ ತತ್ವ ಅದರದ್ದು. 1974ರ ಕಾಯಿದೆ ಉಳುವವನಿಗೆ ನ್ಯಾಯ ಕೊಟ್ಟಿತೆಂಬುದನ್ನು ಮರೆಯದೆ, ಸಣ್ಣ ತೋಟಗಳು ಹಡಿಲು ಬೀಳದಂತೆ ಇಂಥದೊಂದು ದಾರಿಯನ್ನು ಸರಕಾರ ತೆರೆಯಬೇಕು.

ಅಲ್ಲಿಯ ತನಕ ಕಾಯುತ್ತ ಕೂರಲು ಕೊಯ್ಲು ಬಿಡುವುದಿಲ್ಲ. ಫಸಲು ಕರಾರಿನ ಮಾದರಿಯೊಂದನ್ನು ವಕೀಲರಿಂದ ತಿದ್ದಿಸಿ, ಕನ್ನಡದಲ್ಲಿ ಅಚ್ಚು ಹಾಕಿಸಿ ಕಚೇರಿಯಲ್ಲಿ ಇಡಬೇಕೆಂದು ಆಡಳಿತ ಮಂಡಳಿಯ ಮುಂದೆ ಸೂಚನೆ ಇಟ್ಟಿದ್ದೇವೆ. ಸಂಘಕ್ಕೆ ಊರವರ ತಕರಾರು ಏಕೆ ಎಂದು ಕೇಳುವವರಿದ್ದಾರೆ. ತಕರಾರಾದ ಮೇಲೆ ಇಬ್ಬರು ಸದಸ್ಯರೂ ಬಂದು ನಿಲ್ಲುವುದು ಸಂಘದ ಬಾಗಿಲಿಗೇ. ಅದಕ್ಕೆ ಮೊದಲೇ ಬರಲಿ ಎಂಬುದು ನಮ್ಮ ವಿನಂತಿ. ಈ ಸಲದ ಮೊದಲ ಕೊಯ್ಲಿಗೆ ಮುನ್ನ ನಿಮ್ಮ ಆರ್‌ಟಿಸಿಯ ಪ್ರತಿಯೊಂದಿಗೆ, ತೋಟ ನೋಡಿಕೊಳ್ಳುವವರನ್ನೂ ಜತೆಗೆ ಕರೆದುಕೊಂಡು ಕಚೇರಿಗೆ ಬನ್ನಿ.

– ಕಾರ್ಯದರ್ಶಿ