ಮಹಲ್ಲಾದಲ್ಲಿ ಪೊಲೀಸರಿಗೇನು ಕೆಲಸ?

ಪೌರರ ಸ್ವಯಮಾಡಳಿತ ಸಂಸ್ಥೆಗಳು ಸರ್ಕಾರಿ ಅಧಿಕಾರ ವ್ಯವಸ್ಥೆಯ ಭಾಗವಲ್ಲ ಎಂದು ಉಜ್ಬೇಕಿಸ್ತಾನದ 2023ರ ಸಂವಿಧಾನ ಹೇಳುತ್ತದೆ. ಆದರೆ ಅಲ್ಲಿನ ಒಂಬತ್ತು ಸಾವಿರಕ್ಕೂ ಹೆಚ್ಚು ಮಹಲ್ಲಾಗಳಲ್ಲಿ, ಅಂದರೆ ಕೇರಿ ಮಟ್ಟದ ಇಂಥ ಸಂಸ್ಥೆಗಳಲ್ಲಿ, ಕಾರುಬಾರು ನಡೆಸುವ 'ಮಹಲ್ಲಾ ಸಪ್ತಕ'ದಲ್ಲಿ ಯಾರಿದ್ದಾರೆ ನೋಡಿ: ಅಧ್ಯಕ್ಷ, ಜಿಲ್ಲಾಡಳಿತದ ಮುಖ್ಯಸ್ಥರಾದ ಹಾಕಿಮರ ಸಹಾಯಕ, ಯುವ ಮುಖಂಡ, ಮಹಿಳಾ ಕಾರ್ಯಕರ್ತೆ, ಸಮಾಜ ಕಾರ್ಯಕರ್ತ, ತೆರಿಗೆ ಇನ್‌ಸ್ಪೆಕ್ಟರ್ ಮತ್ತು ಪೊಲೀಸ್. ಜನ ಆರಿಸುವುದು ಅಧ್ಯಕ್ಷನೊಬ್ಬನನ್ನು. ತೆರಿಗೆಯವರೂ ಪೊಲೀಸರೂ ಕೂತ ಕಚೇರಿಯನ್ನು ಸ್ವಯಮಾಡಳಿತ ಎಂದು ಕರೆಯಲು ಗಟ್ಟಿ ಧೈರ್ಯ ಬೇಕು. ತಾಷ್ಕೆಂಟಿನ ಅಧಿಕಾರಿಗಳಿಗೆ ಆ ಧೈರ್ಯದ ಕೊರತೆಯಿಲ್ಲ.

ಮಹಲ್ಲಾ ಹಳೆಯದು, ಅದರಲ್ಲಿ ಅನುಮಾನವಿಲ್ಲ. ಮೈಸೂರಿನವರು ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ ಎಂದು ವಿಳಾಸ ಬರೆಯುತ್ತಾರೆ. ಬುಖಾರಾ, ಸಮರಖಂಡಗಳಲ್ಲಿ ಅದು ವಿಳಾಸಕ್ಕಿಂತ ದೊಡ್ಡದು. ಮದುವೆಗೆ, ಸಾವಿಗೆ ಕೇರಿಯೇ ನೆರೆಯುತ್ತದೆ. ಕಾಲುವೆಯ ಹೂಳೆತ್ತುವುದಕ್ಕೂ ಮನೆ ಕಟ್ಟುವುದಕ್ಕೂ ಕೂಲಿಯಿಲ್ಲದ 'ಹಷರ್' ಇದೆ, ಜಗಳ ಬಿಡಿಸಲು 'ಅಕ್ಸಕಾಲ್' ಎಂಬ ಹಿರಿಯನಿದ್ದಾನೆ. ಸೋವಿಯತ್ ಆಡಳಿತ ಇದನ್ನು ಸಮಿತಿಯಾಗಿಸಿತು. 1993ರ ಕಾನೂನು ಅದಕ್ಕೆ ಅಧಿಕೃತ ಸ್ಥಾನ ಕೊಟ್ಟಿತು, ಮರುವರ್ಷದಿಂದ ಬಡ ಕುಟುಂಬಗಳ ಸಹಾಯಧನ ಹಂಚುವುದೂ ಅದರ ಪಾಲಿಗೆ ಬಂತು. ಕೆಟ್ಟದ್ದು ಇಲ್ಲಿಂದ. ಹಣ ಸರ್ಕಾರದ್ದಾದ ಮೇಲೆ ಹಿರಿಯನ ನಿಷ್ಠೆಯೂ ಅತ್ತಲೇ ವಾಲಿತು. 1999ರ ಫೆಬ್ರವರಿಯ ತಾಷ್ಕೆಂಟ್ ಸ್ಫೋಟಗಳ ಬಳಿಕ, ಅತಿಯಾಗಿ ನಮಾಜು ಮಾಡುವವರು ಯಾರೆಂದು ಪಟ್ಟಿ ಮಾಡಿ ಪೊಲೀಸರಿಗೆ ಕೊಟ್ಟದ್ದು ಇದೇ ಸಮಿತಿಗಳು. ಆರೋಪಿಗಳ ಮನೆಯವರನ್ನು ಕೇರಿಯ ಸಭೆಯಲ್ಲಿ ನಿಲ್ಲಿಸಿ ಛೀಮಾರಿ ಹಾಕಿಸಿದ್ದನ್ನು, ಹೊಡೆತ ತಿಂದು ಬಂದ ಹೆಣ್ಣುಮಕ್ಕಳನ್ನು 'ಹೊಂದಿಕೊಂಡು ಹೋಗು' ಎಂದು ಗಂಡನ ಮನೆಗೇ ಅಟ್ಟಿದ್ದನ್ನು ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ದಾಖಲಿಸಿತು. ಆ ವರ್ಷವನ್ನು ದೇಶದ ಆಗಿನ ಅಧ್ಯಕ್ಷ ಕರಿಮೋವ್ 'ಮಹಲ್ಲಾ ವರ್ಷ' ಎಂದು ಘೋಷಿಸಿದ್ದರು!

ಯಾರ ಮನೆಯಲ್ಲಿ ಒಲೆ ಉರಿದಿಲ್ಲ ಎಂಬುದು ದೂರದ ಗುಮಾಸ್ತನಿಗಿಂತ ಪಕ್ಕದ ಮನೆಯವರಿಗೆ ಚೆನ್ನಾಗಿ ಗೊತ್ತು ಎನ್ನುವುದು ಮಹಲ್ಲಾ ಪರವಾದ ಗಟ್ಟಿ ವಾದ. ಒಪ್ಪೋಣ. ಗೊತ್ತಿರುವವರು ಹೇಳಲಿ, ತೀರ್ಮಾನಿಸುವವರು ಬೇರೆಯವರಿರಲಿ. ಬಲ್ಲವನೇ ಹಂಚುವವನೂ ವರದಿ ಒಪ್ಪಿಸುವವನೂ ಆದರೆ, ಸಹಾಯ ಬೇಡುವ ವಿಧವೆ ಅವನೆದುರು ಬಾಯಿ ತೆರೆಯುವುದುಂಟೇ? ಬೇರೆ ವ್ಯವಸ್ಥೆಗೆ ದುಡ್ಡೆಲ್ಲಿ ಎಂಬ ನೆಪಕ್ಕೂ ಈಗ ಆಧಾರವಿಲ್ಲ. 2023ರಲ್ಲಿ ಸರ್ಕಾರವೇ ಸಾಮಾಜಿಕ ರಕ್ಷಣೆಗೆ ರಾಷ್ಟ್ರೀಯ ಏಜೆನ್ಸಿ ಸ್ಥಾಪಿಸಿ, ಅದರಡಿ 'ಇನ್ಸಾನ್' ಕೇಂದ್ರಗಳನ್ನು ತೆರೆದಿದೆ. ಸಹಾಯಧನದ ಕೆಲಸ ಪೂರ್ತಿಯಾಗಿ ಅಲ್ಲಿಗೆ ಹೋಗಲಿ.

ಮಹಲ್ಲಾ ಎಷ್ಟೋ ಸಂಸಾರಗಳನ್ನು ಉಳಿಸಿದೆ ಎನ್ನುವವರಿದ್ದಾರೆ. ಉಳಿಸಿರಬಹುದು. ಆದರೆ 2023ರಿಂದ ಆ ದೇಶದಲ್ಲಿ ಮನೆಯೊಳಗಿನ ಹಿಂಸೆ ಪ್ರತ್ಯೇಕ ಅಪರಾಧ. ಅಪರಾಧಕ್ಕೆ ಪಂಚಾಯ್ತಿಕೆ ಮಾಡುವ ಹಕ್ಕು ಯಾವ ಹಿರಿಯನಿಗೂ ಇಲ್ಲ. ಹೆಂಗಸು ತಾನಾಗಿ ಕೇಳಿಕೊಂಡರೆ ಮಾತ್ರ ರಾಜಿ, ಇಲ್ಲವಾದರೆ ನೇರ ನ್ಯಾಯಾಲಯ ಎಂಬುದು ನಿಯಮವಾಗಬೇಕು. ಸಂಪ್ರದಾಯವನ್ನು ಮುರಿಯುತ್ತಿದ್ದೀರಿ ಎಂಬ ಆಕ್ಷೇಪವಂತೂ ತಲೆಕೆಳಗಾದದ್ದು. ಹಷರ್, ಮದುವೆ, ಸಾವಿನ ಮನೆಯ ಅಡುಗೆ ಇವಕ್ಕೆಲ್ಲ ಸಂಬಳದ ಸಹಾಯಕನೂ ಬೇಡ, ಪೊಲೀಸ್ ಕುರ್ಚಿಯೂ ಬೇಡ. ಆ ಕುರ್ಚಿಗಳನ್ನು ಹೊರಗೆ ಸಾಗಿಸಿ, ಅಧ್ಯಕ್ಷನ ಆಯ್ಕೆಯಲ್ಲಿ ಹಾಕಿಮರ ಕೈಯಾಡದಂತೆ ಮಾಡಿದರೆ ಸಂವಿಧಾನದ ಆ ವಾಕ್ಯಕ್ಕೆ ಅರ್ಥ ಬಂದೀತು.