ಪಕ್ಕದವರು ತೋರಿಸುವ ಚುಕ್ಕೆ
ಎಸ್‌ಎಸ್‌ಎಲ್‌ಸಿಯಲ್ಲಿ ತೃತೀಯ ಭಾಷೆಯಾಗಿ ಅರೇಬಿಕ್ ತೆಗೆದುಕೊಳ್ಳಬಹುದು ಎಂಬುದು ನಮ್ಮ ಸಹಕಾರನಗರ ಬಡಾವಣೆಯ ಎಷ್ಟೋ ಪಾಲಕರಿಗೆ ಗೊತ್ತಿರಲಿಕ್ಕಿಲ್ಲ. ಸಿಬಿಎಸ್‌ಇ ಭಾಷಾಪಟ್ಟಿಯಲ್ಲೂ ಅದಿದೆ. ಹೈಸ್ಕೂಲಿಗೆ ಬಂದ ಮೇಲೆ ಹೊಸ ಲಿಪಿ ಕೈಗೆ ಹತ್ತುವುದು ಸುಲಭವಲ್ಲ, ನಿಜ. 28 ಅಕ್ಷರ, ಬರವಣಿಗೆ ಬಲದಿಂದ ಎಡಕ್ಕೆ, ಪದದ ಆರಂಭ, ನಡು, ಕೊನೆಗೆ ತಕ್ಕಂತೆ ಅಕ್ಷರದ ರೂಪ ಬದಲು, ಆರು ಅಕ್ಷರಗಳಂತೂ ನಂತರದ ಅಕ್ಷರಕ್ಕೆ ಕೂಡಿಕೊಳ್ಳುವುದೇ ಇಲ್ಲ. ಬಾ, ತಾ, ಸಾ ಮೂರಕ್ಕೂ ಗೆರೆ ಒಂದೇ: ಕೆಳಗೆ ಒಂದು ಚುಕ್ಕೆಯಿಟ್ಟರೆ ಬಾ, ಮೇಲೆ ಎರಡಿಟ್ಟರೆ ತಾ, ಮೂರಿಟ್ಟರೆ ಸಾ. ಬರೆದವರ ಕಣ್ಣಿಗೆ ತಪ್ಪಿದ ಚುಕ್ಕೆ ಪಕ್ಕದವರ ಕಣ್ಣಿಗೆ ಥಟ್ಟನೆ ಬೀಳುತ್ತದೆ. ಅದಕ್ಕೇ ಈ ಪಾಠವನ್ನು ಮಕ್ಕಳನ್ನು ಜೋಡಿಯಾಗಿ ಕೂರಿಸಿಯೇ ಕಲಿಸಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಒಬ್ಬರು ಹೇಳಿ, ಇನ್ನೊಬ್ಬರು ಬರೆದು, ಪುಸ್ತಕ ಅದಲುಬದಲು ಮಾಡಿ ತಿದ್ದುವಾಗ, ತಪ್ಪನ್ನು ನೋಯಿಸದೆ ಹೇಳುವುದೂ ಮುಖ ಸಿಂಡರಿಸದೆ ಕೇಳಿಸಿಕೊಳ್ಳುವುದೂ ರೂಢಿಯಾಗುತ್ತದೆ. ಹದಿನಾಲ್ಕರ ವಯಸ್ಸಿನಲ್ಲಿ ಗೆಳೆಯರ ಮುಂದೆ ‘ನನಗೆ ಗೊತ್ತಿಲ್ಲ’ ಎನ್ನಲು ಧೈರ್ಯ ಬೇಕು; ಹೆಚ್ಚಿನವರು ಮೊದಲ ಅಕ್ಷರ ಅಲಿಫ್‌ನಿಂದಲೇ ಶುರು ಮಾಡುವ ತರಗತಿಯಲ್ಲಿ ಆ ಅಳುಕು ಕಡಿಮೆ. ಮದರಸಾದಲ್ಲಿ ಓದಲು ಕಲಿತ ಮಗುವಿದ್ದರೆ, ಅಕ್ಷರವೇ ಗೊತ್ತಿಲ್ಲದ ಮಗುವಿನ ಪಕ್ಕದಲ್ಲಿ ಕೂರಿಸಿ, ಇಬ್ಬರಿಗೂ ಲಾಭ. ಪಾಲಕರೇ, ಮುಂದಿನ ಸಭೆಯಲ್ಲಿ ಶಾಲೆಯವರನ್ನು ಕೇಳಿ: ನಮ್ಮ ಮಕ್ಕಳಿಗೆ ಅರೇಬಿಕ್ ಕಲಿಸುವ ಮೇಷ್ಟ್ರನ್ನು ಕರೆತರುತ್ತೀರಾ?